ಬಾಯಿಂದ ಗುದದವರೆಗೆ: ಜೀರ್ಣಾಂಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಯ ವಿಚಾರದಲ್ಲಿ ಜನ ಕೇಳುವುದು ಬಹುಪಾಲು ಮೂರೇ ಸಂಗತಿ: ಎಲ್ಲಿ ಏನಿದೆ, ತಿಂದದ್ದು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗುತ್ತದೆ, ಎಲ್ಲಿ ಕೆಟ್ಟರೆ ಏನಾಗುತ್ತದೆ. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡು, ಸುಲಭದ್ದನ್ನು ಮೊದಲು, ತೊಡಕಿನದನ್ನು ಆಮೇಲೆ ಇಟ್ಟಿದ್ದೇವೆ. ಬೇಕಾದ ಪ್ರಶ್ನೆಯೊಂದನ್ನೇ ಓದಿಕೊಂಡರೂ ಸಾಕು.

## ಎಲ್ಲಿ ಏನಿದೆ

ಹೊಟ್ಟೆ ಅಂದ್ರೆ ಜಠರ ತಾನೇ? ಹೊಕ್ಕುಳ ಹತ್ರ ನೋವಾದರೆ ಜಠರದ ನೋವಾ?

ಸಾಮಾನ್ಯವಾಗಿ ಅಲ್ಲ. ಜಠರ ನಾವು ಕೈ ಇಡುವ ಜಾಗಕ್ಕಿಂತ ಮೇಲಿದೆ: ಎಡಗಡೆ ಪಕ್ಕೆಲುಬುಗಳ ಮರೆಯಲ್ಲಿ, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುಪರದೆಯ ಕೆಳಗೆ. ಅದರ ತುದಿ ಮಾತ್ರ ನಡುಗೆರೆ ದಾಟಿ ಬಲಕ್ಕೆ ಬರುತ್ತದೆ. ಹೊಕ್ಕುಳ ಸುತ್ತ ಸುರುಳಿ ಸುತ್ತಿಕೊಂಡಿರುವುದು ಸಣ್ಣ ಕರುಳು. ದೊಡ್ಡ ಕರುಳು ಬಲಗಡೆ ಕೆಳಹೊಟ್ಟೆಯಲ್ಲಿ ಶುರುವಾಗಿ, ಮೇಲೆ ಲಿವರ್ ಅಡಿಗೆ ಬಂದು, ಅಡ್ಡ ಹಾಯ್ದು, ಎಡಗಡೆಯಿಂದ ಇಳಿದು ಗುದನಾಳ ಸೇರುತ್ತದೆ. ಬಲ ಪಕ್ಕೆಲುಬುಗಳ ಒಳಗೆ ಒಂದೂಕಾಲರಿಂದ ಒಂದೂವರೆ ಕೆ.ಜಿ. ತೂಗುವ ಲಿವರ್, ಅದರ ಅಡಿಗೆ ಅಂಟಿಕೊಂಡ ಪಿತ್ತಕೋಶ. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಜಠರದ ಹಿಂದೆ ಬೆನ್ನಿಗೆ ಹತ್ತಿರ ಅಡ್ಡಲಾಗಿ ಮಲಗಿದೆ. ಅದಕ್ಕೆ ಊತ ಬಂದಾಗ ನೋವು ಬೆನ್ನಿಗೆ ಹೊಡೆಯುವುದು ಇದೇ ಕಾರಣಕ್ಕೆ.

ಕರುಳಿನ ಉದ್ದ ಒಂದು ಪುಸ್ತಕದಲ್ಲಿ 6 ಮೀಟರ್ ಅಂತಿದೆ, ಇನ್ನೊಂದರಲ್ಲಿ 3 ಮೀಟರ್. ಯಾವುದು ಸರಿ?

ಎರಡೂ ಸರಿ. ಸಣ್ಣ ಕರುಳಿನ ಗೋಡೆಯಲ್ಲಿ ಸ್ನಾಯು ಇದೆ. ಜೀವ ಇರುವಾಗ ಅದು ಬಿಗಿದುಕೊಂಡಿರುತ್ತದೆ, ಸತ್ತ ಮೇಲೆ ಸಡಿಲವಾಗಿ ಹಿಗ್ಗುತ್ತದೆ. ಶವದಲ್ಲಿ ಅಳೆದರೆ ಸುಮಾರು 6 ಮೀಟರ್, ಜೀವಂತ ದೇಹದಲ್ಲಿ 3ರಿಂದ 5 ಮೀಟರ್. ಉಳಿದವುಗಳಲ್ಲಿ ಇಷ್ಟು ವ್ಯತ್ಯಾಸ ಇಲ್ಲ: ಅನ್ನನಾಳ 25 ಸೆಂ.ಮೀ., ಡುಯೋಡಿನಮ್ ಎಂಬ ಸಣ್ಣ ಕರುಳಿನ ಮೊದಲ ತುಂಡು 25 ಸೆಂ.ಮೀ., ದೊಡ್ಡ ಕರುಳು ಒಂದೂವರೆ ಮೀಟರ್. ಉದ್ದದಲ್ಲಿ ಗಿಡ್ಡವಾದರೂ ಅಗಲದಲ್ಲಿ ಹಿರಿದಾದ್ದರಿಂದ ಅದು ದೊಡ್ಡ ಕರುಳು.

ಬೆಳಿಗ್ಗೆ ತಿಂದ ಇಡ್ಲಿ ಹೊರಗೆ ಬರೋದು ಯಾವಾಗ?

ಸಾಮಾನ್ಯವಾಗಿ ಮಾರನೇ ದಿನ, ಕೆಲವರಿಗೆ ಅದರಾಚೆ ದಿನ. ಅನ್ನನಾಳ ದಾಟಲು 10 ಸೆಕೆಂಡ್ ಸಾಕು. ಜಠರದಲ್ಲಿ 2ರಿಂದ 4 ಗಂಟೆ. ಇಡ್ಲಿ, ಗಂಜಿಯಂಥದ್ದು ಬೇಗ ಇಳಿಯುತ್ತದೆ, ಎಣ್ಣೆ ತುಪ್ಪ ಜಾಸ್ತಿ ಇರುವ ಬಿರಿಯಾನಿ, ಹೋಳಿಗೆ ಊಟ ತಡ. ಸಣ್ಣ ಕರುಳಲ್ಲಿ 3ರಿಂದ 6 ಗಂಟೆ. ಉಳಿದ ಹೊತ್ತೆಲ್ಲ ದೊಡ್ಡ ಕರುಳಿನದು, 12 ಗಂಟೆಯಿಂದ ಒಂದೆರಡು ದಿನ. ನಿಮ್ಮದು ಎಷ್ಟು ಅಂತ ತಿಳಿಯಬೇಕಾದರೆ ಬೇಯಿಸಿದ ಮುಸುಕಿನ ಜೋಳದ ಕಾಳನ್ನು ಸರಿಯಾಗಿ ಅಗಿಯದೆ ಒಂದು ಹಿಡಿ ತಿಂದು, ಗಂಟೆ ಬರೆದಿಟ್ಟುಕೊಳ್ಳಿ. ಅದರ ಹಳದಿ ಸಿಪ್ಪೆ ಜೀರ್ಣವಾಗದೆ ಹಾಗೇ ಬರುತ್ತದೆ. ಆ ವಾರ ಬೇರೆ ಊಟದಲ್ಲಿ ಜೋಳ ಇರಬಾರದು, ಇದ್ದರೆ ಲೆಕ್ಕ ತಪ್ಪುತ್ತದೆ.

ಜೀರ್ಣಕ್ರಿಯೆ ಬಾಯಲ್ಲೇ ಶುರು ಅಂತಾರೆ. ಅಷ್ಟು ಬೇಗ ನುಂಗಿಬಿಡ್ತೀವಲ್ಲ, ಏನು ಜೀರ್ಣ ಆಗುತ್ತೆ?

ಬರೀ ಅನ್ನವನ್ನು ಒಂದು ನಿಮಿಷ ಅಗಿಯುತ್ತಿದ್ದರೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯ ತುಣುಕುಗಳಾಗಿ ಒಡೆಯುವುದರ ಗುರುತು ಅದು. ನುಂಗಿದ ಮೇಲೂ ತುತ್ತಿನ ಒಳಭಾಗಕ್ಕೆ ಆಮ್ಲ ಇಳಿಯುವ ತನಕ ಈ ಕೆಲಸ ಸಾಗಿರುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಮೂರು ಜೊತೆ ಗ್ರಂಥಿಗಳಿಂದ ಬರುತ್ತದೆ: ಕಿವಿಯ ಮುಂದೆ ಒಂದು ಜೊತೆ (ಮಂಗನಬಾವು ಬಂದಾಗ ಊದುವುದು ಇದೇ), ದವಡೆಯಡಿ ಒಂದು, ನಾಲಿಗೆಯಡಿ ಒಂದು. ಆದರೆ ಜೊಲ್ಲಿನ ದೊಡ್ಡ ಉಪಕಾರ ತುತ್ತನ್ನು ಜಾರುವಂತೆ ಮಾಡುವುದು ಮತ್ತು ಹಲ್ಲನ್ನು ಕಾಯುವುದು. ಕ್ಯಾನ್ಸರಿಗೆ ಕುತ್ತಿಗೆಯ ಹತ್ತಿರ ರೇಡಿಯೇಶನ್ ಆಗಿ ಜೊಲ್ಲು ಬತ್ತಿದವರಿಗೆ ಒಣ ಚಪಾತಿ ಗಂಟಲಲ್ಲಿ ಇಳಿಯುವುದಿಲ್ಲ, ಹಲ್ಲು ಬೇಗ ಹುಳುಕಾಗುತ್ತವೆ.

ಮುದ್ದೆ ಅಗಿಯಬಾರದು, ನುಂಗಬೇಕು ಅಂತಾರೆ. ಅಗಿಯದಿದ್ರೆ ಜೀರ್ಣ ಆಗುತ್ತಾ?

ಆಗುತ್ತದೆ. ಅಗಿಯುವುದರ ಉದ್ದೇಶ ಆಹಾರವನ್ನು ಚೂರು ಮಾಡುವುದು. ರಾಗಿ ಆ ಕೆಲಸವನ್ನು ಮಿಲ್ಲಿನಲ್ಲೇ ಮುಗಿಸಿಕೊಂಡು ಬಂದಿದೆ. ಕುದಿಯುವ ಎಸರಿನಲ್ಲಿ ಬೆಂದಾಗ ಪಿಷ್ಟ ನೀರು ಹೀರಿ ಉಬ್ಬಿ, ಕಿಣ್ವಕ್ಕೆ ಸುಲಭವಾಗಿ ಸಿಗುವಂತಾಗಿರುತ್ತದೆ. ಸಾರಲ್ಲಿ ಹೊರಳಿಸಿ ನುಂಗಿದ ತುತ್ತನ್ನು ಜಠರದ ಕೆಳಭಾಗ ನಿಮಿಷಕ್ಕೆ ಸುಮಾರು ಮೂರು ಸಲ ಹಿಂಡುತ್ತ ನುರಿಯುತ್ತದೆ. ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡ ಚೂರನ್ನು ಜಠರದ ಬಾಗಿಲು ಬೇಗ ಕೆಳಕ್ಕೆ ಬಿಡುವುದಿಲ್ಲ. ಪಿಷ್ಟವನ್ನು ಒಡೆಯುವ ಮುಖ್ಯ ಕೆಲಸ ಪ್ಯಾಂಕ್ರಿಯಾಸ್ ರಸದ್ದು; ಬಾಯಿಯಲ್ಲಿ ತಪ್ಪಿದ್ದನ್ನು ಅದು ತುಂಬಿಕೊಡುತ್ತದೆ.

ಈ ರಿಯಾಯಿತಿ ಮುದ್ದೆಗೆ ಮಾತ್ರ. ಜೊತೆಗಿರುವ ಕಾಳು, ಸೊಪ್ಪು, ಮಾಂಸದ ತುಂಡನ್ನು ಅಗಿಯಲೇಬೇಕು. ಪಾರ್ಶ್ವವಾಯು ಆದವರಿಗೆ, ತೀರಾ ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ದೊಡ್ಡ ತುತ್ತು ಅಪಾಯ; ಅವರಿಗೆ ರಾಗಿ ಅಂಬಲಿ ವಾಸಿ. ಇಷ್ಟು ವರ್ಷ ಸಲೀಸಾಗಿ ಇಳಿಯುತ್ತಿದ್ದ ಮುದ್ದೆ ಈಗ ಎದೆಯಲ್ಲಿ ಸಿಕ್ಕಿಕೊಂಡಂತಾಗಿ, ನೀರು ಕುಡಿದು ತಳ್ಳಬೇಕಾಗುತ್ತಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಅನ್ನನಾಳ ಕಿರಿದಾಗಿರಬಹುದು, ಗಡ್ಡೆಯೂ ಇರಬಹುದು. ಎಂಡೋಸ್ಕೋಪಿ ಮಾಡಿಸಬೇಕು.

ನೆತ್ತಿಗೆ ಹತ್ತೋದು ಅಂದ್ರೆ ಏನು? ತಲೆ ತಟ್ಟಿದರೆ ಸರಿಹೋಗುತ್ತಾ?

ಗಂಟಲಲ್ಲಿ ಉಸಿರಿನ ದಾರಿ ಮುಂದೆ, ಅನ್ನದ ದಾರಿ ಹಿಂದೆ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲೇರಿ, ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗಿ, ಉಸಿರು ಅರೆಕ್ಷಣ ನಿಲ್ಲುತ್ತದೆ. ತಿನ್ನುತ್ತಾ ಮಾತಾಡಿದರೆ, ನಕ್ಕರೆ ಈ ಹೊಂದಾಣಿಕೆ ತಪ್ಪಿ ಅಗುಳೋ ನೀರೋ ಉಸಿರುನಾಳದ ಬಾಗಿಲಿಗೆ ಹೋಗುತ್ತದೆ. ಕೆಮ್ಮು ಅದನ್ನು ಹೊರಗೆಸೆಯುತ್ತದೆ. ತಲೆ ತಟ್ಟುವುದರಿಂದ ಏನೂ ಇಲ್ಲ. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ದನಿ ಹೊರಡದೆ, ಕೆಮ್ಮಲಾಗದೆ, ಕೈ ಗಂಟಲಿಗೆ ಹೋಗಿದ್ದರೆ ದಾರಿ ಪೂರ್ತಿ ಕಟ್ಟಿದೆ: ಮುಂದಕ್ಕೆ ಬಾಗಿಸಿ ಎರಡು ಹೆಗಲುಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು; ಆಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳದ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಜಗ್ಗಬೇಕು. ಬಿಡುವವರೆಗೂ ಒಂದಾದ ಮೇಲೊಂದು. ವರ್ಷ ತುಂಬದ ಕೂಸಿಗೆ ಹೊಟ್ಟೆ ಅಮುಕಬಾರದು. ಬೆನ್ನಿಗೆ ಐದು ಏಟು, ಆಮೇಲೆ ಎದೆಮೂಳೆಯ ಮೇಲೆ ಐದು ಸಲ ಒತ್ತು.

ತಲೆಕೆಳಗಾಗಿ ನೀರು ಕುಡಿದರೆ ಜಠರಕ್ಕೆ ಹೋಗುತ್ತಾ?

ಹೋಗುತ್ತದೆ. ಅನ್ನನಾಳ ಸುಮ್ಮನೆ ಇಳಿಜಾರಲ್ಲ, ಸ್ನಾಯುವಿನ ಅಲೆ ತುತ್ತನ್ನು ತಳ್ಳುತ್ತದೆ. ಮಾಡಿ ನೋಡಬೇಕಾಗಿಲ್ಲ.

## ಜಠರ ಮತ್ತು ಆಮ್ಲ

ಜಠರದ ಆಮ್ಲ ಅಷ್ಟು ಕಟುವಾದರೆ ಜಠರವೇ ಯಾಕೆ ಕರಗಲ್ಲ? ಖಾರ ತಿಂದರೆ ಅಲ್ಸರ್ ಆಗೋದು ನಿಜವಾ?

ಜಠರದಲ್ಲಿ ದಿನಕ್ಕೆ ಸುಮಾರು 2 ಲೀಟರ್ ರಸ ಊರುತ್ತದೆ. ಹಸಿದ ಹೊಟ್ಟೆಯಲ್ಲಿ ಅದರ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಕಟು) 1.5ರಿಂದ 3.5ರ ಆಸುಪಾಸು. ಮಾಂಸವನ್ನೇ ಕರಗಿಸುವ ಈ ರಸದಿಂದ ಗೋಡೆಯನ್ನು ಕಾಪಾಡುವುದು ಲೋಳೆಯ ಪದರ. ಲೋಳೆಯೊಳಗೆ ಬೈಕಾರ್ಬೊನೇಟ್ ಸೇರಿಕೊಂಡು, ಗೋಡೆಗೆ ತಾಗುವ ಜಾಗದಲ್ಲಿ ಆಮ್ಲದ ಕಾವು ತಗ್ಗಿರುತ್ತದೆ. ಅದನ್ನೂ ಮೀರಿ ಹಾಳಾದ ಮೇಲ್ಪದರದ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತವೆ. ಪ್ರೋಟೀನ್ ಒಡೆಯುವ ಪೆಪ್ಸಿನ್ ಕೂಡ ಕೋಶದೊಳಗೆ ನಿಷ್ಕ್ರಿಯವಾಗಿದ್ದು, ಆಮ್ಲಕ್ಕೆ ಬಿದ್ದ ಮೇಲಷ್ಟೇ ಚುರುಕಾಗುತ್ತದೆ.

ಈ ಕಾವಲು ಮುರಿದಾಗ ಆಗುವ ಹುಣ್ಣೇ ಅಲ್ಸರ್. ಮುರಿಯುವವರು ಮುಖ್ಯವಾಗಿ ಇಬ್ಬರು: ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ, ಮತ್ತು ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಥರದ ನೋವಿನ ಮಾತ್ರೆಗಳು. ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾ ಬದುಕೀತು ಎಂದು ವೈದ್ಯಲೋಕ ನಂಬದಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ರಾಬಿನ್ ವಾರೆನ್ ಜೊತೆ ಅವರಿಗೆ 2005ರ ನೊಬೆಲ್ ಬಂತು. ಖಾರ ಇರುವ ಹುಣ್ಣನ್ನು ಉರಿಸಬಹುದು, ಹುಣ್ಣನ್ನು ಹುಟ್ಟಿಸುವುದಿಲ್ಲ. ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಾ, ಸಾರಿನ ಮೆಣಸಿನಕಾಯಿ ಕಡಿಮೆ ಮಾಡುವವರು ತಪ್ಪು ಜಾಗದಲ್ಲಿ ಪಥ್ಯ ಮಾಡುತ್ತಿದ್ದಾರೆ.

ಊಟದ ಮಧ್ಯೆ ನೀರು ಕುಡಿದರೆ ಜಠರದ ರಸ ತೆಳ್ಳಗಾಗಿ ಜೀರ್ಣ ಆಗಲ್ವಂತೆ?

ಆಗುತ್ತದೆ. ನೀರು ಬೇಗ ಕೆಳಗಿಳಿಯುತ್ತದೆ, ಜಠರ ಬೇಕಾದಷ್ಟು ಆಮ್ಲವನ್ನು ಮತ್ತೆ ಸುರಿಸಿಕೊಳ್ಳುತ್ತದೆ. ಸಾರು, ಮಜ್ಜಿಗೆ ಇಲ್ಲದ ಊಟ ನಮ್ಮಲ್ಲಿ ಎಲ್ಲಿದೆ? ಎದೆಯುರಿ ಇರುವವರು ಮಾತ್ರ ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟು ಕುಡಿಯದಿದ್ದರೆ ಒಳ್ಳೆಯದು.

ರಾತ್ರಿ ಮಲಗಿದ ತಕ್ಷಣ ಎದೆಯುರಿ, ಹುಳಿತೇಗು. ಎರಡು ದಿಂಬು ಇಟ್ಟರೂ ಕಮ್ಮಿ ಆಗಲ್ಲ. ಯಾಕೆ?

ಅನ್ನನಾಳ ಜಠರಕ್ಕೆ ಸೇರುವಲ್ಲಿ ಬಿಗಿಸ್ನಾಯುವಿನ ಉಂಗುರ ಇದೆ. ಅದು ಸಡಿಲವಾದರೆ, ಅಥವಾ ಜಠರದ ಮೇಲ್ತುದಿ ವಪೆಯ ತೂತಿನಿಂದ ಎದೆಗೂಡಿಗೆ ಜಾರಿದ್ದರೆ, ಆಮ್ಲ ಮೇಲೆ ಬರುತ್ತದೆ. ಅನ್ನನಾಳಕ್ಕೆ ಜಠರದಂಥ ಲೋಳೆಯ ರಕ್ಷಣೆ ಇಲ್ಲ, ಉರಿಯುತ್ತದೆ. ಸಿಗರೇಟು, ಮದ್ಯ, ಜಿಡ್ಡಿನ ಊಟ ಉಂಗುರವನ್ನು ಸಡಿಲಿಸುತ್ತವೆ. ಬೊಜ್ಜು, ಬಸಿರು ಕೆಳಗಿನಿಂದ ಒತ್ತುತ್ತವೆ.

ದಿಂಬು ಏರಿಸಿದರೆ ಬಾಗುವುದು ಕತ್ತು ಮತ್ತು ಸೊಂಟ. ಹೊಟ್ಟೆ ಮಡಚಿ ಒತ್ತಡ ಇನ್ನೂ ಹೆಚ್ಚುತ್ತದೆ. ಏರಿಸಬೇಕಾದ್ದು ಮಂಚವನ್ನು. ತಲೆಕಡೆಯ ಎರಡು ಕಾಲಿಗೆ 15ರಿಂದ 20 ಸೆಂ.ಮೀ. ಎತ್ತರಕ್ಕೆ ಇಟ್ಟಿಗೆ ಅಥವಾ ಮರದ ತುಂಡು ಕೊಟ್ಟರೆ ಇಡೀ ಮೈ ಓರೆಯಾಗುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಎಡಮಗ್ಗುಲಲ್ಲಿ ಮಲಗಿದರೆ ಜಠರದ ಚೀಲ ಅನ್ನನಾಳದ ಬಾಯಿಗಿಂತ ಕೆಳಗೆ ಬರುತ್ತದೆ, ಬಲಮಗ್ಗುಲಲ್ಲಿ ಮೇಲೆ.

ಪ್ಯಾಂಟೊಪ್ರಜೋಲ್ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ? ನುಂಗಿದ ತಕ್ಷಣ ಉರಿ ಹೋಗಲ್ವಲ್ಲ?

ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಆಮ್ಲ ಸುರಿಸುವ ಕೋಶಗಳ ಪಂಪನ್ನು ಅದು ಕಟ್ಟಿಹಾಕುತ್ತದೆ, ಆದರೆ ಓಡುತ್ತಿರುವ ಪಂಪನ್ನು ಮಾತ್ರ. ಪಂಪು ಓಡುವುದು ಊಟ ಬಿದ್ದಾಗ. ಆ ಹೊತ್ತಿಗೆ ಔಷಧ ರಕ್ತದಲ್ಲಿ ಸಿದ್ಧವಿರಬೇಕು. ಪೂರ್ತಿ ಗುಣ ಸಿಗಲು ಮೂರ್ನಾಲ್ಕು ದಿನ ಹಿಡಿಯುತ್ತದೆ. ತಕ್ಷಣದ ಉರಿಗೆ ಆಂಟಾಸಿಡ್ ದ್ರವ ಬೇರೆ ಇದೆ, ಅದು ಈಗಾಗಲೇ ಇರುವ ಆಮ್ಲವನ್ನು ಶಮನ ಮಾಡುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಯ ಹೊರಪದರ ಆಮ್ಲದಲ್ಲಿ ಕರಗದಂತೆ ಮಾಡಿದ್ದು, ಪುಡಿ ಮಾಡಬಾರದು. ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ಬೇರೆ ಯಾವುದೇ ಮಾತ್ರೆ ಬರೆದರೂ ಜೊತೆಗೊಂದು ಇದನ್ನು ನುಂಗುವ ರೂಢಿ ಬಿಡುವುದು ಲೇಸು.

ಗ್ಯಾಸ್ಟ್ರಿಕ್ ನೋವೋ ಹಾರ್ಟ್ ಅಟ್ಯಾಕೋ, ಮನೆಯಲ್ಲೇ ತಿಳಿಯೋದು ಹೇಗೆ?

ಖಚಿತವಾಗಿ ತಿಳಿಯಲು ಸಾಧ್ಯವಿಲ್ಲ. ಅನ್ನನಾಳ ಹೃದಯದ ಹಿಂದೆಯೇ ಹಾದುಹೋಗುತ್ತದೆ, ಎರಡರ ನೋವಿನ ನರಗಳೂ ಬೆನ್ನುಹುರಿಯ ಹತ್ತಿರ ಹತ್ತಿರದ ಭಾಗ ಸೇರುತ್ತವೆ, ಮೆದುಳಿಗೇ ಗೊಂದಲ. ಎದೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ, ಬೆವರು, ಏದುಸಿರು, ದವಡೆಗೋ ಎಡತೋಳಿಗೋ ಹರಡುವ ನೋವು, ಮೆಟ್ಟಿಲು ಹತ್ತಿದಾಗ ಹೆಚ್ಚುವುದು — ಇವುಗಳಲ್ಲಿ ಯಾವುದಿದ್ದರೂ ಸೋಡಾ ಕುಡಿದು, ಓಮಕಾಳು ಅಗಿದು ಕಾಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಸಿ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಬರೀ ಹೊಟ್ಟೆ ತೊಳಸಿದಂತೆ, ಸುಸ್ತಾದಂತೆ ಆಗಿಯೂ ಹೃದಯಾಘಾತ ಆಗಬಹುದು. ತೇಗು ಬಂದು ಹಗುರಾಯಿತು ಎಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದಲ್ಲ.

ಹಸಿವಾದಾಗ ಹೊಟ್ಟೆ ಗುರ್ರ್ ಅನ್ನೋದು ಯಾಕೆ?

ಜಠರ, ಸಣ್ಣ ಕರುಳು ಖಾಲಿಯಾದ ಮೇಲೆ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಬಲವಾದ ಅಲೆ ಮೇಲಿನಿಂದ ಕೆಳಗಿನವರೆಗೆ ಸಾಗಿ ಉಳಿದ ಚೂರು, ಲೋಳೆ, ಬ್ಯಾಕ್ಟೀರಿಯಾಗಳನ್ನು ಗುಡಿಸುತ್ತದೆ. ಒಳಗಿನ ಗಾಳಿ ಮತ್ತು ದ್ರವ ಕಲಕಿದ ಸದ್ದು ಅದು. ಏನಾದರೂ ತಿಂದರೆ ಆ ಅಲೆ ನಿಲ್ಲುತ್ತದೆ. ದಿನವಿಡೀ ಕುರುಕಲು ಮೆಲ್ಲುವವರಲ್ಲಿ ಈ ಗುಡಿಸುವ ಕೆಲಸಕ್ಕೆ ಬಿಡುವೇ ಸಿಗುವುದಿಲ್ಲ.

## ಸಣ್ಣ ಕರುಳು, ಪಿತ್ತ, ಪ್ಯಾಂಕ್ರಿಯಾಸ್

ತಿಂದದ್ದು ರಕ್ತಕ್ಕೆ ಸೇರೋದು ಎಲ್ಲಿ?

ಹೆಚ್ಚುಕಮ್ಮಿ ಎಲ್ಲವೂ ಸಣ್ಣ ಕರುಳಲ್ಲಿ. ಜಠರ ಹೀರುವುದು ಸ್ವಲ್ಪ ಮದ್ಯ ಮತ್ತು ಆಸ್ಪಿರಿನ್‌ನಂಥ ಕೆಲವೇ ವಸ್ತು. ಸಣ್ಣ ಕರುಳಿನ ಒಳಗೋಡೆ ಮಡಿಕೆಮಡಿಕೆ. ಆ ಮಡಿಕೆಯ ಮೇಲೆ ಒಂದು ಮಿಲಿಮೀಟರ್‌ಗೂ ಕಡಿಮೆ ಎತ್ತರದ ವಿಲ್ಲೈ ಎಂಬ ಬೆರಳುಗಳು. ಒಂದೊಂದರ ಕೋಶಗಳ ಮೇಲೂ ಇನ್ನೂ ಸಣ್ಣ ಕೂದಲಿನಂಥ ಚಾಚುಗಳು. ಹಳೆಯ ಪುಸ್ತಕಗಳು ಇವೆಲ್ಲದರ ಒಟ್ಟು ಹರವನ್ನು ಟೆನಿಸ್ ಅಂಗಳದಷ್ಟು ಎನ್ನುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದಾಗ ಇಡೀ ನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದು ಸಿಕ್ಕಿತು. ಹಳೆಯ ಮಾತು ಪಠ್ಯಪುಸ್ತಕಗಳಲ್ಲಿ ಇನ್ನೂ ಓಡಾಡುತ್ತಿದೆ.

ಯಾವುದು ಎಲ್ಲಿ ಎನ್ನುವುದೂ ಗೊತ್ತುಮಾಡಿದ ಹಾಗಿದೆ: ಕಬ್ಬಿಣ ಡುಯೋಡಿನಮ್‌ನಲ್ಲಿ, ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಬಹುಪಾಲು ಜೆಜುನಮ್ ಎಂಬ ನಡುಭಾಗದಲ್ಲಿ, ಬಿ12 ಮತ್ತು ಪಿತ್ತಲವಣ ಇಲಿಯಮ್ ಎಂಬ ಕೊನೆಯ ಭಾಗದಲ್ಲಿ. ಸಕ್ಕರೆ, ಪ್ರೋಟೀನು ರಕ್ತದ ಮೂಲಕ ನೇರ ಲಿವರ್‌ಗೆ ಹೋಗುತ್ತವೆ. ಕೊಬ್ಬಿನ ಬಹುಪಾಲು ಮಾತ್ರ ದುಗ್ಧರಸದ ನಾಳ ಹಿಡಿದು ಎದೆಯವರೆಗೆ ಏರಿ, ಕತ್ತಿನ ಎಡಗಡೆಯ ದೊಡ್ಡ ಸಿರೆಯಲ್ಲಿ ರಕ್ತ ಸೇರುತ್ತದೆ.

ವಾಂತಿಯಲ್ಲಿ ಹಳದಿ ನೀರು ಬಂದರೆ ಪಿತ್ತ ಜಾಸ್ತಿ ಆಗಿದೆ ಅಂತಾರೆ. ಹೌದಾ?

ದೊಡ್ಡವರಲ್ಲಿ ಅದರ ಅರ್ಥ ಜಠರ ಖಾಲಿಯಾಗಿದೆ ಎಂದಷ್ಟೇ. ಮೂರ್ನಾಲ್ಕು ಸಲ ವಾಂತಿಯಾದ ಮೇಲೆ ಡುಯೋಡಿನಮ್‌ನಲ್ಲಿದ್ದ ಪಿತ್ತರಸ ಹಿಮ್ಮುಖವಾಗಿ ಬರುತ್ತದೆ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತ ತಯಾರಿಸುವುದು ಎಲ್ಲರಲ್ಲೂ ಇರುವುದೇ. ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ಕಿಣ್ವಕ್ಕೆ ಒಪ್ಪಿಸುವುದು ಅದರ ಕೆಲಸ. ಆದರೆ ನವಜಾತ ಶಿಶು ಹಸಿರು ವಾಂತಿ ಮಾಡಿದರೆ ಕರುಳು ತಿರುಚಿಕೊಂಡಿರಬಹುದು. ಒಂದು ಗಂಟೆಯೂ ಕಾಯದೆ ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಒಯ್ಯಬೇಕು.

ಹೊಟ್ಟೆ ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತಾರೆ. ಒಂದು ಲೋಟ ಕಾಫಿ ಕುಡಿದರೆ ಏನಾಗುತ್ತೆ?

ಪಿತ್ತಕೋಶ ಕುಗ್ಗಿಬಿಡುತ್ತದೆ. ಉಪವಾಸದಲ್ಲಿ 30ರಿಂದ 50 ಮಿ.ಲೀ. ಪಿತ್ತ ತುಂಬಿ ಹಿಗ್ಗಿರುವ ಅದು, ಹಾಲಿನ ಕೊಬ್ಬು ಕರುಳಿಗೆ ಬಿದ್ದೊಡನೆ ಹಿಂಡಿಕೊಳ್ಳುತ್ತದೆ. ಕುಗ್ಗಿದ ಪಿತ್ತಕೋಶದಲ್ಲಿ ಕಲ್ಲು ಕಾಣದೆ ಹೋಗಬಹುದು. ಜಠರದಲ್ಲಿ ಗಾಳಿ ತುಂಬಿದ್ದರೆ ಹಿಂದಿರುವ ಪ್ಯಾಂಕ್ರಿಯಾಸ್ ಕೂಡ ಮರೆಯಾಗುತ್ತದೆ. ಕುಡಿದಿದ್ದರೆ ಮುಚ್ಚಿಡದೆ ಹೇಳಿ.

ನಮ್ಮ ಅತ್ತೆಯವರ ಪಿತ್ತಕೋಶ ಕಲ್ಲಿಗೆ ಅಂತ ತೆಗೆದಿದ್ದಾರೆ. ಇನ್ನು ತುಪ್ಪ ತಿನ್ನಲೇಬಾರದಾ?

ತಿನ್ನಬಹುದು. ತೆಗೆದದ್ದು ಪಿತ್ತದ ಸಂಗ್ರಹ ಚೀಲವನ್ನು. ಪಿತ್ತ ಮಾಡುವ ಲಿವರ್ ಹಾಗೇ ಇದೆ. ಈಗ ಪಿತ್ತ ಕೂಡಿಡದೆ ತೊಟ್ಟು ತೊಟ್ಟಾಗಿ ಸದಾ ಕರುಳಿಗೆ ಇಳಿಯುತ್ತದೆ. ಆದ್ದರಿಂದ ಒಮ್ಮೆಗೇ ಜಿಡ್ಡಿನ ಊಟ ಬಿದ್ದರೆ ಮೊದಮೊದಲು ಭೇದಿಯಾಗಬಹುದು. ಕೆಲವು ವಾರ ಅರ್ಧ ಚಮಚ, ಒಂದು ಚಮಚ ಹೀಗೆ ಏರಿಸುತ್ತಾ ಹೋಗಲಿ. ತಿಂಗಳುಗಳಾದರೂ ನೀರುಭೇದಿ ನಿಲ್ಲದಿದ್ದರೆ ಪಿತ್ತಲವಣ ದೊಡ್ಡ ಕರುಳನ್ನು ಕೆರಳಿಸುತ್ತಿರಬಹುದು. ಅದಕ್ಕೆ ಬೇರೆಯೇ ಔಷಧವಿದೆ. ಕಣ್ಣು ಹಳದಿಯಾಗಿ, ಚಳಿಜ್ವರ ಬಂದರೆ ನಾಳದಲ್ಲಿ ಕಲ್ಲು ಉಳಿದಿದೆಯೇ ಎಂದು ಕೂಡಲೇ ನೋಡಿಸಬೇಕು.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಮೊಸರು ಮಾತ್ರ ಒಗ್ಗುತ್ತೆ. ಎರಡೂ ಒಂದೇ ಅಲ್ವಾ?

ಹಾಲಿನ ಸಕ್ಕರೆ ಲ್ಯಾಕ್ಟೋಸ್. ಒಂದು ಲೋಟ, ಅಂದರೆ 200 ಮಿ.ಲೀ.ಯಲ್ಲಿ ಸುಮಾರು 10 ಗ್ರಾಂ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬಾಲ್ಯ ಕಳೆದ ಮೇಲೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ, ದಕ್ಷಿಣ ಭಾರತದಲ್ಲಂತೂ ಸಾಮಾನ್ಯ. ಒಡೆಯದ ಸಕ್ಕರೆ ನೀರನ್ನು ಸೆಳೆದುಕೊಂಡು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತವೆ, ಅವುಗಳ ಕಿಣ್ವ ಕರುಳಿನಲ್ಲೂ ಕೆಲಸ ಮಾಡುತ್ತದೆ. ಕಾಫಿಗೆ ಬೆರೆಸುವಷ್ಟು ಹಾಲು ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ.

ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಕಾಫಿ ಜೊತೆ ನುಂಗಬಹುದಾ?

ಬೇಡ. ಕಾಫಿ, ಟೀಯಲ್ಲಿರುವ ಟ್ಯಾನಿನ್ ಥರದ ವಸ್ತುಗಳು ಕರುಳಲ್ಲೇ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಸರ್ಕಾರಿ ಮಾತ್ರೆಯ 60 ಮಿ.ಗ್ರಾಂ.ನಲ್ಲಿ ಮೈಗೆ ಸೇರುವುದು ಇನ್ನೂ ಕಡಿಮೆಯಾಗುತ್ತದೆ. ಹಾಲು, ಕ್ಯಾಲ್ಸಿಯಂ ಮಾತ್ರೆ, ಆಂಟಾಸಿಡ್ ಕೂಡ ಅಡ್ಡಿ. ಎರಡು ಗಂಟೆ ಅಂತರ ಇರಲಿ. ನಿಂಬೆ ಪಾನಕ, ನೆಲ್ಲಿಕಾಯಿ, ಸೀಬೆಹಣ್ಣಿನ ಜೊತೆಯಾದರೆ ಹೀರುವಿಕೆ ಹೆಚ್ಚುತ್ತದೆ. ಮಲ ಕಪ್ಪಾಗುವುದು ಮಾತ್ರೆಯ ಬಣ್ಣ, ಹೆದರಿ ನಿಲ್ಲಿಸಬೇಡಿ.

ಭೇದಿ ಆದಾಗ ಓಆರ್‌ಎಸ್ ಯಾಕೆ, ಬರೀ ನೀರು ಸಾಲದಾ? ಪ್ಯಾಕೆಟ್ ಎಷ್ಟು ನೀರಿಗೆ?

ದಿನಕ್ಕೆ ನಾವು ಕುಡಿಯುವ 2 ಲೀಟರ್, ಜೊಲ್ಲಿನಿಂದ ಹಿಡಿದು ಎಲ್ಲ ರಸಗಳ 7 ಲೀಟರ್, ಒಟ್ಟು ಸುಮಾರು 9 ಲೀಟರ್ ದ್ರವ ಕರುಳಿಗೆ ಬೀಳುತ್ತದೆ. ಮಲದಲ್ಲಿ ಹೋಗುವುದು ನೂರರಿಂದ ಇನ್ನೂರು ಮಿ.ಲೀ. ಮಾತ್ರ. ಭೇದಿಯಲ್ಲಿ ಈ ಹೀರುವಿಕೆ ಮುರಿದುಬಿಡುತ್ತದೆ. ಆದರೆ ಕಾಲರಾದಂಥ ಭೇದಿಯಲ್ಲೂ ಒಂದು ಬಾಗಿಲು ತೆರೆದಿರುತ್ತದೆ: ಗ್ಲೂಕೋಸ್ ಮತ್ತು ಸೋಡಿಯಂ ಎರಡೂ ಜೊತೆಗಿದ್ದರೆ ಕರುಳಿನ ಕೋಶ ಅವನ್ನು ಒಟ್ಟಿಗೇ ಒಳಗೆಳೆದುಕೊಳ್ಳುತ್ತದೆ, ನೀರು ಹಿಂಬಾಲಿಸುತ್ತದೆ. ಬರೀ ನೀರಿಗೆ ಆ ಬಾಗಿಲು ತೆರೆಯದು. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಾಗ, ಸಲೈನ್ ಮುಗಿದು ಹೋಗುತ್ತಿದ್ದ ಹೊತ್ತಿನಲ್ಲಿ ಡಾ. ದಿಲೀಪ್ ಮಹಲನಾಬಿಸ್ ಈ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಮನೆಯವರ ಕೈಲೇ ಕುಡಿಸಿದರು. ಸಾವುಗಳು ಗಣನೀಯವಾಗಿ ಇಳಿದವು.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪ್ಯಾಕೆಟ್ ಸರಿಯಾಗಿ 1 ಲೀಟರ್‌ಗೆ. ಸಣ್ಣ ಪ್ಯಾಕೆಟ್ 200 ಮಿ.ಲೀ.ಗೆ. ದೊಡ್ಡ ಪ್ಯಾಕೆಟನ್ನು ಒಂದು ಲೋಟಕ್ಕೆ ಸುರಿಯುವುದು ನಿತ್ಯ ಕಾಣುವ ತಪ್ಪು. ಗಟ್ಟಿ ದ್ರಾವಣ ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ, ಮಗುವಿನ ರಕ್ತದಲ್ಲಿ ಉಪ್ಪು ಏರಿಸುತ್ತದೆ. ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ, 24 ಗಂಟೆ ಕಳೆದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ದೊಡ್ಡ ಮಗುವಿಗೆ 100ರಿಂದ 200, ಚಮಚದಲ್ಲಿ ನಿಧಾನಕ್ಕೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎದೆಹಾಲು ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ ಆಸ್ಪತ್ರೆಗೆ.

## ದೊಡ್ಡ ಕರುಳು ಮತ್ತು ಆಚೆ

ಅವರೆಕಾಯಿ ಕಾಲದಲ್ಲಿ ಮನೆಮಂದಿಗೆಲ್ಲ ಗ್ಯಾಸ್. ಯಾಕೆ?

ಅವರೆ, ಹುರುಳಿ, ಕಡಲೆಯಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಲ್ಲಿ ಇಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗಿ ಹುದುಗಿ ಹೈಡ್ರೋಜನ್, ಕಾರ್ಬನ್ ಡೈ ಆಕ್ಸೈಡ್, ಕೆಲವರಲ್ಲಿ ಮೀಥೇನ್ ಆಗುತ್ತವೆ. ಇವಕ್ಕೆ ವಾಸನೆ ಇಲ್ಲ. ನಾತ ಬರುವುದು ಅತಿ ಸ್ವಲ್ಪವಿರುವ ಗಂಧಕದ ಸಂಯುಕ್ತಗಳಿಂದ. ದಿನಕ್ಕೆ ಹತ್ತಿಪ್ಪತ್ತು ಸಲ ಹೂಸು ಹೋಗುವುದು ಆರೋಗ್ಯವೇ. ಒಣಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದರೆ ಈ ಸಕ್ಕರೆ ಒಂದಷ್ಟು ಹೋಗುತ್ತದೆ. ಹಿತಕಿದ ಬೇಳೆಯಲ್ಲಿ ಸಿಪ್ಪೆ ಹೋದದ್ದರಿಂದ ನಾರು ಕಡಿಮೆ. ಹೊಟ್ಟೆಗೆ ಕೊಂಚ ಹಗುರ.

ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಹೋಗಲೇಬೇಕು ಅನ್ಸುತ್ತೆ. ಕುಡಿದದ್ದು ಅಷ್ಟು ಬೇಗ ಕೆಳಗೆ ಬಂತಾ?

ಇಲ್ಲ, ಹೊರಗೆ ಬರುವುದು ನಿನ್ನೆಯದೋ ಮೊನ್ನೆಯದೋ. ಜಠರ ಹಿಗ್ಗಿದೊಡನೆ ದೊಡ್ಡ ಕರುಳು ಚುರುಕಾಗಿ ಮುಂದಿನದಕ್ಕೆ ಜಾಗ ಮಾಡುತ್ತದೆ. ಬೆಳಗಿನ ಹೊತ್ತು ಇದು ಬಲವಾಗಿರುತ್ತದೆ, ಕಾಫಿ ಇನ್ನಷ್ಟು ತಳ್ಳುತ್ತದೆ. ಮಲಬದ್ಧತೆ ಇರುವವರು ತಿಂಡಿಯಾದ ಅರ್ಧ ಗಂಟೆಯೊಳಗೆ ಶೌಚಕ್ಕೆ ಕೂರುವ ಅಭ್ಯಾಸ ಮಾಡಿಕೊಂಡರೆ ಇದರ ಲಾಭ ಸಿಗುತ್ತದೆ.

ಕಮೋಡ್‌ಗೆ ಬದಲಾದ ಮೇಲೆ ಅಪ್ಪನಿಗೆ ತಿಣುಕಬೇಕಾಗಿದೆ. ಏನು ಮಾಡೋದು?

ಗುದನಾಳದ ಸುತ್ತ ಒಂದು ಸ್ನಾಯು ಪಟ್ಟಿ ಹಾಕಿ ಮುಂದಕ್ಕೆ ಎಳೆದುಕೊಂಡಿರುತ್ತದೆ. ಆ ಬಾಗೇ ಮಲವನ್ನು ತಡೆದಿಡುವುದು. ಕುಕ್ಕರುಗಾಲಲ್ಲಿ ಕೂತಾಗ ಪಟ್ಟಿ ಸಡಿಲವಾಗಿ ದಾರಿ ನೇರವಾಗುತ್ತದೆ, ಕುರ್ಚಿಯಂತೆ ಕೂತಾಗ ಪೂರ್ತಿ ಆಗದು. ಕಾಲಡಿಗೆ 15ರಿಂದ 20 ಸೆಂ.ಮೀ. ಎತ್ತರದ ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ, ಮುಂದಕ್ಕೆ ಬಾಗಿ ಕೂರಲಿ. ಹಿರಿಯರಿಗೆ ಮಣೆ ಜಾರದಂತಿರಬೇಕು, ಎದ್ದು ನಿಲ್ಲುವ ಮೊದಲು ಕಾಲು ಕೆಳಗಿಡಬೇಕು. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಸಹಜವೇ. ನಾರು ಹೆಚ್ಚಿಸಿದರೆ ನೀರನ್ನೂ ಹೆಚ್ಚಿಸಬೇಕು, ಇಲ್ಲವಾದರೆ ಇಸಬ್‌ಗೋಲ್ ಒಳಗೇ ಗಟ್ಟಿಯಾಗುತ್ತದೆ. ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಅಭ್ಯಾಸ ಬದಲಾಗಿ, ರಕ್ತವೋ ತೂಕ ಇಳಿಯುವುದೋ ಕಂಡರೆ ಮೂಲವ್ಯಾಧಿ ಎಂದು ನಿರ್ಧರಿಸುವ ಮೊದಲು ಪರೀಕ್ಷೆ ಆಗಲಿ.

ಮಲದ ಬಣ್ಣ ನೋಡಿ ಏನಾದ್ರೂ ಹೇಳಬಹುದಾ?

ಕಂದು ಬಣ್ಣ ಪಿತ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತು ಮಾರ್ಪಟ್ಟದ್ದು. ಜೇಡಿಮಣ್ಣಿನಂತೆ ಬಿಳಿಚಿದ್ದರೆ ಪಿತ್ತ ಇಳಿಯುತ್ತಿಲ್ಲ. ಜೊತೆಗೆ ಮೂತ್ರ ಗಾಢವಾಗಿ ಮೈ ತುರಿಸಿದರೆ ಕಾಮಾಲೆ, ನಾಳ ಕಟ್ಟಿರಬಹುದು. ಡಾಂಬರಿನಂತೆ ಕಪ್ಪಗೆ, ಅಂಟಾಗಿ, ಕೆಟ್ಟ ನಾತವಿದ್ದರೆ ಜಠರದಲ್ಲೋ ಡುಯೋಡಿನಮ್‌ನಲ್ಲೋ ರಕ್ತ ಒಸರಿ ಆಮ್ಲಕ್ಕೆ ಕಪ್ಪಾಗಿದೆ, ಅವತ್ತೇ ಆಸ್ಪತ್ರೆಗೆ. ಕೆಂಪು ರಕ್ತ ಸಾಮಾನ್ಯವಾಗಿ ಕೆಳಗಿನದು. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದರೆ ಅದನ್ನೂ ನೆನಪಿಸಿಕೊಳ್ಳಿ.

ಅಪೆಂಡಿಕ್ಸ್ ಬಲಗಡೆ ಇದ್ದರೂ ನೋವು ಹೊಕ್ಕುಳಲ್ಲಿ ಶುರುವಾಗೋದು ಯಾಕೆ?

ಕರುಳಿನ ನೋವಿನ ನರಗಳು ಜಾಗವನ್ನು ಖಚಿತವಾಗಿ ಹೇಳಲಾರವು. ಅಪೆಂಡಿಕ್ಸ್‌ನ ನರಗಳು ಬೆನ್ನುಹುರಿಯಲ್ಲಿ ಹೊಕ್ಕುಳ ಚರ್ಮದ ನರಗಳಿರುವ ಮಟ್ಟವನ್ನೇ ಸೇರುತ್ತವೆ, ಮೆದುಳು ಅಲ್ಲೇ ನೋವೆಂದುಕೊಳ್ಳುತ್ತದೆ. ಊತ ಹೆಚ್ಚಿ ಹೊಟ್ಟೆಯ ಒಳಪೊರೆಗೆ ತಾಗಿದಾಗ, ಆ ಪೊರೆಯ ನರಗಳು ಸರಿಯಾದ ಜಾಗ ತೋರಿಸುತ್ತವೆ: ಬಲ ಕೆಳಹೊಟ್ಟೆ. ನೋವು ಹೀಗೆ ಸರಿದದ್ದು, ಹಸಿವಿಲ್ಲದಿರುವುದು, ಕೆಮ್ಮಿದರೆ ಚುಚ್ಚುವುದು ಇದ್ದರೆ ಹರಳೆಣ್ಣೆ ಕುಡಿಸುವುದು, ಎನಿಮಾ ಕೊಡುವುದು, ಹೊಟ್ಟೆ ನೀವುವುದು ಯಾವುದೂ ಕೂಡದು. ಅಪೆಂಡಿಕ್ಸ್ ಒಡೆದರೆ ಜೀವಕ್ಕೇ ಸಂಚಕಾರ.

ಮೆದುಳು ಹೇಳದೆ ಕರುಳು ತಾನಾಗಿ ಕೆಲಸ ಮಾಡುತ್ತಾ?

ಮಾಡುತ್ತದೆ. ಕರುಳಿನ ಗೋಡೆಯಲ್ಲೇ ಹತ್ತಾರು ಕೋಟಿ ನರಕೋಶಗಳ ಜಾಲ ಇದೆ. ತುತ್ತಿನ ಹಿಂದೆ ಬಿಗಿದು ಮುಂದೆ ಸಡಿಲಿಸುವ ಅಲೆಯನ್ನು ಅದೇ ನಡೆಸುತ್ತದೆ. ನರಗಳ ಆಚೆಗೂ ದಾರಿ ಇದೆ ಎಂಬುದು ಗೊತ್ತಾದದ್ದು 1902ರಲ್ಲಿ. ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ತುಂಡಿನ ನರಗಳನ್ನೆಲ್ಲ ಕತ್ತರಿಸಿ ಅಲ್ಲಿ ಆಮ್ಲ ಹಾಕಿದರೂ ಪ್ಯಾಂಕ್ರಿಯಾಸ್ ರಸ ಸುರಿಸಿತು. ಸಂದೇಶ ರಕ್ತದಲ್ಲಿ ಹೋಗಿತ್ತು. ಅದು ಸೆಕ್ರಿಟಿನ್, ಮೊಟ್ಟಮೊದಲು ಸಿಕ್ಕ ಹಾರ್ಮೋನ್. ಜಠರದ ಆಮ್ಲ ಡುಯೋಡಿನಮ್‌ಗೆ ಬೀಳುತ್ತಲೇ ಅದನ್ನು ಶಮನಗೊಳಿಸುವ ಕ್ಷಾರರಸ ತರಿಸಿಕೊಳ್ಳುವುದು ಇದರ ಕೆಲಸ.

ಯಾವ ಅಂಗ ಇಲ್ಲದೆ ಬದುಕಬಹುದು, ಯಾವುದು ಇಲ್ಲದೆ ಆಗಲ್ಲ?

ಪಿತ್ತಕೋಶ, ಅಪೆಂಡಿಕ್ಸ್ ಇಲ್ಲದೆ ಆರಾಮಾಗಿ. ದೊಡ್ಡ ಕರುಳು ಪೂರ್ತಿ ತೆಗೆದವರೂ ಇದ್ದಾರೆ. ಮಲ ನೀರಾಗಿರುತ್ತದೆ, ಉಪ್ಪು, ನೀರು ಎರಡೂ ಹೆಚ್ಚು ಬೇಕು. ಜಠರ ತೆಗೆದರೆ ಅನ್ನನಾಳವನ್ನು ನೇರ ಸಣ್ಣ ಕರುಳಿಗೆ ಹೊಲಿಯುತ್ತಾರೆ. ದಿನಕ್ಕೆ ಆರು ಸಣ್ಣ ಊಟ. ಸಿಹಿ ಜಾಸ್ತಿ ಕುಡಿದರೆ ಅದು ಒಮ್ಮೆಗೇ ಕರುಳಿಗೆ ಸುರಿದು ಬೆವರು, ತಲೆಸುತ್ತು. ಬಿ12 ಹೀರಲು ಬೇಕಾದ ಪ್ರೋಟೀನ್ ಜಠರದ್ದೇ ಆದ್ದರಿಂದ ಆಯುಷ್ಯವಿಡೀ ಬಿ12 ಇಂಜೆಕ್ಷನ್ ಬೇಕು. ಪ್ಯಾಂಕ್ರಿಯಾಸ್ ಇಲ್ಲದವರು ಇನ್ಸುಲಿನ್ ಮತ್ತು ಊಟದೊಂದಿಗೆ ಕಿಣ್ವದ ಕ್ಯಾಪ್ಸೂಲ್ ಮೇಲೆ ಬದುಕುತ್ತಾರೆ. ಲಿವರ್ ಅರ್ಧಕ್ಕಿಂತ ಹೆಚ್ಚು ತೆಗೆದರೂ ಉಳಿದದ್ದು ಆರೋಗ್ಯವಾಗಿದ್ದರೆ ಮತ್ತೆ ಬೆಳೆಯುತ್ತದೆ, ಪೂರ್ತಿ ಇಲ್ಲದಿದ್ದರೆ ಕಸಿಯೊಂದೇ ದಾರಿ. ಸಣ್ಣ ಕರುಳು 2 ಮೀಟರ್‌ಗಿಂತ ಕಡಿಮೆ ಉಳಿದರೆ ಬಾಯಿಂದ ತಿಂದದ್ದು ಸಾಲದೆ ಹೋಗಬಹುದು. ಅಂಥವರಲ್ಲಿ ಹಲವರಿಗೆ ಪೋಷಕಾಂಶವನ್ನು ಸಿರೆಯ ಮೂಲಕವೇ ಕೊಡಬೇಕಾಗುತ್ತದೆ.